ಮಾವಿಗೆ ಹೊಗೆ, ಬೀಜಕ್ಕೆ ಹೊಗೆ ನೀರು

ಅಣ್ಣ, ಗದ್ದೆ ಬದುವಿನ ಬಾದಾಮಿ ಮಾವು ಹೂ ಬಿಡುತ್ತಿಲ್ಲ, ಬುಡದಲ್ಲಿ ಹೊಗೆ ಹಾಕಲೇ, ಬದನೆ ಬೀಜವನ್ನೂ ಹೊಗೆ ನೀರಿನಲ್ಲಿ, ಅಂದರೆ ಹೊಗೆ ಹಾಯಿಸಿದ ನೀರಿನಲ್ಲಿ, ನೆನೆಸಲೇ ಎಂದು ಕೇಳಿದ್ದೀರಿ. ಎರಡೂ ಹೊಗೆಯೇ ಆದರೂ ಮರದ ಮೇಲೆ ಕೆಲಸ ಮಾಡುವ ಅಂಶ ಬೇರೆ, ಬೀಜದ ಮೇಲೆ ಕೆಲಸ ಮಾಡುವುದು ಬೇರೆ.

ಮೊದಲು ಮಾವು. ಫಿಲಿಪ್ಪೀನ್ಸ್ ರೈತರು ಮರದಡಿ ಹಸಿ ಸೊಪ್ಪು, ಹುಲ್ಲು ಹಾಕಿ, ಉರಿ ಏಳದಂತೆ ದಿನಗಟ್ಟಲೆ ಹೊಗೆಯಾಡಿಸಿ ಹೂ ತರಿಸುತ್ತಿದ್ದರು. ಹೊಗೆಯಲ್ಲಿರುವ ಎಥಿಲೀನ್ ಅನಿಲದ ಕೆಲಸ ಅದು. 1970ರ ದಶಕದಲ್ಲಿ ಅಲ್ಲಿನ ವಿಜ್ಞಾನಿ ರಾಮೋನ್ ಬಾರ್ಬಾ ಪೊಟ್ಯಾಸಿಯಂ ನೈಟ್ರೇಟ್ ಸಿಂಪಡಿಸಿಯೂ ಹೂ ತರಿಸಬಹುದೆಂದು ತೋರಿಸಿದರು. ಹೊಗೆಯ ತಾಪತ್ರಯ ತಪ್ಪಿತು. ಆದರೆ ಯಾವುದೇ ಆಗಲಿ, ಬಲಿತ ರೆಂಬೆಯ ಮೇಲೆ ಮಾತ್ರ ನಡೆಯುತ್ತದೆ. ಎಲೆ ಕಡುಹಸಿರಾಗಿ, ಹಿಸುಕಿದರೆ ಮುರಿಯುವಷ್ಟು ಗಡುಸಾಗಿರಬೇಕು. ಕೆಂಪು ಚಿಗುರು ಹೊತ್ತ ಮರಕ್ಕೆ ಹೊಗೆ ಹಾಕುವುದು ವ್ಯರ್ಥ.

ನನಗೆ ಅನುಮಾನವಿರುವುದು ನೀರಿನ ಮೇಲೆ. ಹೂವಿಗೆ ಮುನ್ನ ಮಾವಿಗೆ ಕೆಲವು ವಾರ ಒಣ ನೆಲ, ತಂಪು ರಾತ್ರಿ ಬೇಕು. ನಮ್ಮ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಬದುವಿನ ಮರದ ಬೇರು ಆರುವುದೇ ಇಲ್ಲ. ಭತ್ತಕ್ಕೆ ಹಾಕಿದ ಯೂರಿಯಾ ಅದಕ್ಕೂ ಸಿಗುತ್ತದೆ. ಮರ ಚಿಗುರುತ್ತಲೇ ಇರುತ್ತದೆ. ಮಳೆ ಹಿಂದೆಗೆದ ಮೇಲೆ ಬುಡದ ಪಕ್ಕ ಆಳವಾಗಿ ಬಸಿಗಾಲುವೆ ತೆಗೆಯಿರಿ, ಆ ಅಂಚಿಗೆ ಯೂರಿಯಾ ಬೇಡ. ಹೊಗೆಗೆಂದು ಕಬ್ಬಿನ ತರಗನ್ನು ಸುಡಬೇಡಿ, ದಯವಿಟ್ಟು. ಅದು ಹೊಲದಲ್ಲೇ ಹೊದಿಕೆಯಾಗಿ ಕೊಳೆಯಲಿ. ಬುಡದ ತೊಗಟೆ ಬೆಂದರೆ ಮರವೇ ಹೋದೀತು.

ಇನ್ನು ಬೀಜ. ಹೊಗೆ ಬೀಜವನ್ನು ಮೊಳೆಸುತ್ತದೆಂದು 1990ರಲ್ಲಿ ದಕ್ಷಿಣ ಆಫ್ರಿಕಾದ ಡಿ ಲಾಂಗ್ ಮತ್ತು ಬೂಷೆ ವರದಿ ಮಾಡಿದರು. ಅದಕ್ಕೆ ಕಾರಣವಾದ ಕ್ಯಾರಿಕಿನೊಲೈಡ್ ಎಂಬ ವಸ್ತುವನ್ನು ವಿಜ್ಞಾನಿಗಳು 2004ರಲ್ಲಿ ಗುರುತಿಸಿದರು. ಕಾಳ್ಗಿಚ್ಚಿನ ನಂತರ ಮೊಳೆಯುವ ಅಲ್ಲಿನ ಹಲವು ಕಾಡುಗಿಡಗಳ ಬೀಜಗಳಿಗೆ ಇದು ಬಹಳ ಉಪಯುಕ್ತ. ಒಳ್ಳೆಯ ಬದನೆ ಬೀಜ ಹೇಗೂ ಮೊಳೆಯುತ್ತದೆ, ಅದಕ್ಕೆ ಬೇಕಿಲ್ಲ.

ಕಾಡುಗಿಡದ ಬೀಜದಲ್ಲಿ ನೋಡುವ ಆಸೆಯಿದ್ದರೆ ಒಣಹುಲ್ಲಿನ ಹೊಗೆಯನ್ನು ಕೊಳವೆಯಿಂದ ಒಂದು ಗಂಟೆ ನೀರಿನೊಳಗೆ ಹಾಯಿಸಿ, ಸೋಸಿ. ಪ್ಲಾಸ್ಟಿಕ್, ಬಣ್ಣ ಬಳಿದ ಮರ ಉರಿಸಬೇಡಿ. ಗಾಢ ಹೊಗೆ ನೀರು ಮೊಳಕೆಯನ್ನೇ ತಡೆಯುತ್ತದೆ, ಆದ್ದರಿಂದ ಒಂದು ಲೀಟರ್ ಬರಿಯ ನೀರಿಗೆ ಹೊಗೆ ನೀರು 1, 2, 10 ಮಿ.ಲೀ. ಹೀಗೆ ಬೇರೆ ಬೇರೆ ಮಾಡಿ, ಒಂದು ದಿನ ನೆನೆಸಿ. ಪಕ್ಕದಲ್ಲಿ ಬರಿಯ ನೀರಿನಲ್ಲಿ ನೆನೆಸಿದ ಬೀಜವೂ ಇರಲಿ, ಇಲ್ಲದಿದ್ದರೆ ಏನೂ ಗೊತ್ತಾಗುವುದಿಲ್ಲ.

ಮರದ ರೆಂಬೆಯ ತುದಿಯ ಫೋಟೊ ಹಾಕಿ, ಭತ್ತದ ನೀರು ಬುಡದಿಂದ ಎಷ್ಟು ಅಡಿ ದೂರದಲ್ಲಿದೆ ಎಂದು ತಿಳಿಸಿ.