ಬರೀ ರಾಗಿ ಬಿತ್ತಿ 2,4-ಡಿ ಕೇಳುತ್ತಿರುವ ಅಣ್ಣನಿಗೆ

ಅಣ್ಣಾ, ಮೂರು ಎಕರೆಗೂ ಜಿಪಿಯು-28 ರಾಗಿ ತಳಿ ಒಂದನ್ನೇ ಬಿತ್ತಿದ್ದೀರಿ, 20 ದಿನದ ಪೈರು, ಅಗಲ ಎಲೆಯ ಕಳೆ ಎದ್ದಿದೆ, ಕಳೆನಾಶಕ 2,4-ಡಿ ಎಷ್ಟು ಹೊಡೆಯಲಿ ಎಂದು ಹೊಲದ ಚಿತ್ರ ಹಾಕಿ ಈ ಗುಂಪಿನಲ್ಲಿ ಕೇಳಿದ್ದೀರಿ. ಪ್ರಮಾಣ ಹೇಳುವವರು ಮೇಲೆ ಹೇಳಿಯಾಗಿದೆ. ನಾನು ಚಿತ್ರದಲ್ಲಿ ಹುಡುಕಿದ್ದು ಅಕ್ಕಡಿ ಸಾಲನ್ನು, ಅಂದರೆ ರಾಗಿಯ ನಡುನಡುವೆ ಅವರೆ, ತೊಗರಿ ಮುಂತಾದವನ್ನು ಬಿತ್ತುವ ಸಾಲನ್ನು. ಒಂದೂ ಇಲ್ಲ. ಕಟಾವು ಯಂತ್ರಕ್ಕೆ ಅಡ್ಡ ಬರುತ್ತದೆಂದು ಬಿಟ್ಟಿದ್ದೀರಂತೆ. ನಮ್ಮ ಮನೆಯಲ್ಲೂ ಇದೇ ನೆಪ ಹೇಳಿ ಒಂದು ವರ್ಷ ಬಿಟ್ಟು, ರಾಗಿ ಮೂಟೆಗಳ ಪಕ್ಕ ಕುಳಿತು ಅಂಗಡಿಯ ಬೇಳೆ ತಿಂದಿದ್ದೇವೆ. ನಮ್ಮ ಅತ್ತೆ ಅದನ್ನು ಇಂದಿಗೂ ಎತ್ತಿ ಆಡುತ್ತಾರೆ.

ಮೊದಲು ಆ ಔಷಧಿಯನ್ನು ಬದಿಗಿಡಿ. ನಿಮ್ಮ ಚಿತ್ರದ ಎಡ ಮೂಲೆಯಲ್ಲಿರುವುದು ಅಣ್ಣೆ ಸೊಪ್ಪು, ಅದರ ಹಿಂದೆ ಗಣಿಕೆ. ಕಿತ್ತು ಬಸ್ಸಾರು ಮಾಡುವುದನ್ನು ಬಿಟ್ಟು ದುಡ್ಡು ಕೊಟ್ಟು ಸುಡುತ್ತೀರಾ? ಕಾಂಗ್ರೆಸ್ ಗಿಡ ಇದ್ದರೆ ಹೂ ಬರುವ ಮುಂಚೆ ಕೀಳಿಸಿ, ಅದಕ್ಕೆ ನನ್ನ ತಕರಾರಿಲ್ಲ. ಕೂರಿಗೆಯಲ್ಲಿ ಬಿತ್ತಿರುವುದು ಸಾಲು ನೋಡಿದರೇ ತಿಳಿಯುತ್ತದೆ, ಹಾಗಾಗಿ ಸಾಲಿನ ನಡುವೆ ಎಡೆಕುಂಟೆ ಹೊಡೆದರೆ ಮುಕ್ಕಾಲು ಕಳೆ ಹೋಗುತ್ತದೆ. ಪಕ್ಕದ ಹೊಲದಲ್ಲಿ ಟೊಮೆಟೊ ಅಥವಾ ದ್ರಾಕ್ಷಿ ಇದ್ದರಂತೂ 2,4-ಡಿ ಮುಟ್ಟಲೇಬೇಡಿ. ಗಾಳಿಯಲ್ಲಿ ತೇಲಿಹೋದ ಒಂದಿಷ್ಟು ಹನಿಗೇ ಅವುಗಳ ಎಲೆ ಮುರುಟುತ್ತದೆ, ಆಮೇಲೆ ಬದುವಿನ ಜಗಳ.

ಈಗ ಯಂತ್ರದ ಮಾತು. ಅದರ ಬಾಯಿ ಎಷ್ಟು ಅಗಲ ಎಂದು ಬಿತ್ತುವ ಮುಂಚೆಯೇ ಚಾಲಕನನ್ನು ಕೇಳಿ, ಅಷ್ಟು ಅಥವಾ ಅದರ ಎರಡರಷ್ಟು ರಾಗಿ ಪಟ್ಟೆ ಬಿಟ್ಟು ಅಕ್ಕಡಿ ಹಾಕಿದರೆ ಯಂತ್ರ ಸಲೀಸಾಗಿ ಓಡಾಡುತ್ತದೆ. ಕೃಷಿ ವಿಶ್ವವಿದ್ಯಾಲಯದವರು ಎಂಟರಿಂದ ಹತ್ತು ಸಾಲು ರಾಗಿಗೆ ಎರಡು ಸಾಲು ತೊಗರಿ ಎನ್ನುತ್ತಾರೆ. ನಾನು ತೊಗರಿಯೊಂದನ್ನೇ ಹಾಕುವುದಿಲ್ಲ. ಸಡ್ಡೆಯಲ್ಲಿ (ಅಕ್ಕಡಿ ಬೀಜ ಬಿಡುವ ಕೊಳವೆ) ಬಿಡುವ ಬೀಜದಲ್ಲಿ ಅರ್ಧಕ್ಕಿಂತ ಹೆಚ್ಚು ಅವರೆ, ಉಳಿದದ್ದರಲ್ಲಿ ತೊಗರಿ ಮುಂದು, ಅಲಸಂದೆ ಸ್ವಲ್ಪ, ಜೋಳ ಒಂದು ಹಿಡಿ. ಹುಚ್ಚೆಳ್ಳು ಮತ್ತು ಸಾಸಿವೆಯನ್ನು ಇದರಲ್ಲಿ ಕಲಸಬೇಡಿ. ಸಣ್ಣ ಬೀಜ ತಳಕ್ಕೆ ಜಾರಿ ಮೊದಲ ಸಾಲಿನಲ್ಲೇ ಖಾಲಿಯಾಗುತ್ತದೆ. ಮರಳಿನಲ್ಲಿ ಬೆರೆಸಿ ಬೇರೆಯಾಗಿ, ತೆಳುವಾಗಿ ಬಿಡಬೇಕು. ಹುಚ್ಚೆಳ್ಳು ದಟ್ಟವಾದರೆ ಅಕ್ಕಪಕ್ಕದ ರಾಗಿ ಮಂಕಾಗುತ್ತದೆ. ಜೋಳ ಹೆಚ್ಚಾದರೆ ಊರಿನ ಗಿಳಿಗಳೆಲ್ಲ ನಿಮ್ಮ ಹೊಲದಲ್ಲಿ. ತಗ್ಗಿನಲ್ಲಿ ನೀರು ನಿಲ್ಲುವ ಕಡೆ ತೊಗರಿ ಬೇಡ, ಕೊಳೆಯುತ್ತದೆ. ಹರಳನ್ನು ಬದುವಿಗೆ ಮಾತ್ರ.

ಹೀಗೆ ಹಾಕಿದ ಹೊಲದಿಂದ ಅಡುಗೆಮನೆಗೆ ಏನೇನು ಬರುತ್ತದೆ ನೋಡಿ. ತಿಂಗಳೊಳಗೆ ಬೆರಕೆ ಸೊಪ್ಪು, ಆಮೇಲೆ ಅಲಸಂದೆ ಕಾಯಿ, ದೀಪಾವಳಿ ಕಳೆದು ರಾಗಿ, ಅದರ ಹಿಂದೆಯೇ ಚಟ್ನಿಪುಡಿಗೆ ಹುಚ್ಚೆಳ್ಳು, ಇಬ್ಬನಿ ಬಿದ್ದ ಮೇಲೆ ಅವರೆ, ಸಂಕ್ರಾಂತಿ ಹೊತ್ತಿಗೆ ತೊಗರಿ. ಜೋಳದ ದಂಟು ದನಕ್ಕೆ. ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ ಆದದ್ದರಿಂದ (2025-26ರದ್ದು) ಒಂದು ಸಾಲೂ ಬಿಡದೆ ರಾಗಿಯನ್ನೇ ತುಂಬುವ ಆಸೆ ಎಲ್ಲರಿಗೂ ಬಂದಿದೆ. ಅಕ್ಕಡಿ ಹಾಕಿದರೆ ರಾಗಿ ಸ್ವಲ್ಪ ಕಡಿಮೆಯಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ರಾಗಿ ಮಾರಿದ ದುಡ್ಡಿನಲ್ಲಿ ವರ್ಷವಿಡೀ ಬೇಳೆ, ಕಾಳು, ಎಣ್ಣೆ ಕೊಳ್ಳುವ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಪಡಿತರದಲ್ಲಿ ಅಕ್ಕಿ ರಾಗಿ ಸಿಗುತ್ತದೆ, ಅವರೆಕಾಳು ಸಿಗುತ್ತದೆಯೇ?

2023 ನೆನಪಿದೆಯಲ್ಲ? ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಆಗಸ್ಟ್ ಪೂರ್ತಿ ಮಳೆ ಕೈಕೊಟ್ಟಿತು. ನಮ್ಮ ಕಡೆ ತೆಂಡೆ ಒಡೆಯುವ ಹೊತ್ತಿಗೆ ರಾಗಿ ಸುರುಟಿಹೋಯಿತು. ಬರೀ ರಾಗಿ ಇದ್ದವರಿಗೆ ಹುಲ್ಲೂ ಸರಿಯಾಗಿ ಸಿಗಲಿಲ್ಲ. ಆಳಕ್ಕೆ ಬೇರು ಬಿಟ್ಟ ತೊಗರಿ ತಡೆದುಕೊಂಡಿತು, ಹಿಂಗಾರಿನ ನಾಲ್ಕು ಹನಿಗೆ ಅವರೆ ಚಿಗುರಿತು. ಚೀಲಗಟ್ಟಲೆ ಬಂತು ಎನ್ನುತ್ತಿಲ್ಲ, ಸಾರು ಮಾಡುವಷ್ಟು ಬಂತು.

ತಳಿಯ ವಿಚಾರಕ್ಕೆ ಬಂದರೆ, ಜಿಪಿಯು-28 ಕೆಟ್ಟದ್ದಲ್ಲ, ಬೆಂಕಿ ರೋಗ ತಡೆಯುತ್ತದೆ. ಆದರೆ ಇಡೀ ಊರು ಅದೊಂದನ್ನೇ ನಂಬಿ ಕುಳಿತಿರುವುದು ನನಗೆ ಹಿಡಿಸುವುದಿಲ್ಲ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ರಾಗಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ಕೂಡಿಸಲು ಎರಡೂ ಕಡೆ ಹಳೆಯ ಬೀಜ ಉಳಿದಿದ್ದರಿಂದ ಅದಾಯಿತು. ಹತ್ತು ಗುಂಟೆಯಲ್ಲಾದರೂ ಉಂಡೆ ರಾಗಿಯನ್ನೋ ರುದ್ರಜಡೆಯನ್ನೋ, ಯಾವುದಾದರೂ ಹಳೆಯ ನಾಟಿ ತಳಿಯನ್ನು ಇಡಿ. ದೇಸಿ ಬೀಜ ಉಳಿಸುವ ಸಹಜ ಸಮೃದ್ಧ ಸಂಸ್ಥೆಯವರ ಬೀಜ ಮೇಳಗಳಲ್ಲಿ ಇಂಥವು ಸಿಗುತ್ತವೆ. ರಾಗಿ ತನ್ನದೇ ಪರಾಗದಿಂದ ಕಾಳು ಕಟ್ಟುವ ಬೆಳೆ, ತಳಿ ಬೆರೆಯುವುದು ಕಡಿಮೆ, ಒಮ್ಮೆ ತಂದರೆ ವರ್ಷ ವರ್ಷ ನಿಮ್ಮದೇ ಬೀಜ.

ಅಕ್ಕಡಿಗೆ ಹೆಬ್ಬಾಳ ಅವರೆ-4 ಹಾಕಿ ಬೈದುಕೊಳ್ಳುವವರನ್ನು ಈ ಗುಂಪಿನಲ್ಲೇ ನೋಡಿದ್ದೇನೆ. ಅದು ಮಾರುಕಟ್ಟೆಗೆ ಒಳ್ಳೆಯ ತಳಿ, ಯಾವ ಕಾಲದಲ್ಲಿ ಬಿತ್ತಿದರೂ ಸುಮಾರು ನೂರು ದಿನಕ್ಕೆ ಮುಗಿಯುತ್ತದೆ. ರಾಗಿಯ ಮಧ್ಯೆ ಹಾಕಿದರೆ ರಾಗಿ ನಿಂತಿರುವಾಗಲೇ ಕಾಯಿ ಬಿಡಿಸಬೇಕು, ಪೈರು ತುಳಿದು ಹಾಳು. ನಾಟಿ ಅವರೆ ಹಗಲು ಚಿಕ್ಕದಾಗುವವರೆಗೆ ಹೂ ಬಿಡುವುದಿಲ್ಲ, ರಾಗಿ ಕೊಯ್ದ ಮೇಲೆ ಹೊಲವೆಲ್ಲ ಹಬ್ಬುತ್ತದೆ. ಸೊಗಡೂ ಅದರದ್ದೇ. ಪೊಟ್ಟಣದ ಮೇಲೆ 'ನಾಟಿ' ಎಂದು ಅಚ್ಚು ಹಾಕಿದ್ದನ್ನು ನಂಬಬೇಡಿ. ಊರಿನಲ್ಲಿ ವಯಸ್ಸಾದ ಹೆಂಗಸರನ್ನು ಕೇಳಿ, ಗುಡಾಣದಲ್ಲಿ ಇಟ್ಟಿರುತ್ತಾರೆ.

ಬೀಜಕ್ಕೆ ನಡು ಸುಗ್ಗಿಯ ಕಾಯಿ ಬಿಡಿ, ತಿಂದು ಉಳಿದ ಕೊನೆಯ ಕಾಯಿ ಬೇಡ. ಕಾಳಿನ ಹುಳು ಹೊಲದಿಂದಲೇ ಕಾಯಿಯ ಮೇಲೆ ಮೊಟ್ಟೆಯಾಗಿ ಬರುತ್ತದೆ, ಆದ್ದರಿಂದ ಬಿಡಿಸಿದ ಕೂಡಲೇ ಚೆನ್ನಾಗಿ ಒಣಗಿಸಬೇಕು. ನಾನು ಕೆಮ್ಮಣ್ಣಿನ ರಾಡಿ ಸವರಿ, ಮತ್ತೆ ಒಣಗಿಸಿ, ಬೂದಿ ಹಾಕಿ ಇಡುತ್ತೇನೆ. ಮೂರು ಪದರದ ಪಿಕ್ಸ್ ಚೀಲವೂ ಒಳ್ಳೆಯದೇ, ಆದರೆ ಗಾಳಿ ಹೊರಡಿಸಿ ಬಿಗಿಯಾಗಿ ಕಟ್ಟಿ ತೆರೆಯದೆ ಇಡುವವರಿಗೆ. ವಾರಕ್ಕೊಮ್ಮೆ ಬಿಚ್ಚಿ ನೋಡುವ ಅಭ್ಯಾಸವಿದ್ದರೆ ಹಣ ದಂಡ.

ಈ ವರ್ಷಕ್ಕೆ ಏನು ಮಾಡಬಹುದು ಎಂದರೆ, ತೊಗರಿಗೆ ತಡವಾಯಿತು, ಬಿಡಿ. ಎಡೆಕುಂಟೆ ಆದ ಮೇಲೆ ಆಗಸ್ಟ್ ಕೊನೆಯ ಮಖೆ ಮಳೆ ಬಿದ್ದರೆ, ರಾಗಿ ಹುಟ್ಟದ ಕಡೆಯಲ್ಲೆಲ್ಲ ನಾಟಿ ಅವರೆಯನ್ನು ಎರಡೆರಡು ಕಾಳು ಊರಿ. ಬದುವಿನ ಗುಂಟ ಹುಚ್ಚೆಳ್ಳು ಎರಚಿ, ಜೇನೂ ಬರುತ್ತದೆ. ಚಿತ್ರದ ಹಿಂದುಗಡೆ ಕಾಣುವ ಆ ಗೊರಚಲು ನೆಲದ ತುಂಡನ್ನು ಬೀಳು ಬಿಡಬೇಡಿ, ಸೆಪ್ಟೆಂಬರ್‌ ಮೊದಲ ಹದಕ್ಕೆ ಹುರುಳಿ ಬಿತ್ತಿ. ಅದಕ್ಕೆ ಯೂರಿಯಾ ಮಾತ್ರ ಹಾಕಬೇಡಿ, ಬರೀ ಬಳ್ಳಿ ಹಬ್ಬಿ ಕಾಯಿ ಕಟ್ಟುವುದಿಲ್ಲ.