ಆರೋಗ್ಯವಾಗಿರುವ ನಾಯಿಯ ಊಟದಲ್ಲಿ ಪ್ರೋಟೀನ್, ಕೊಬ್ಬು ಎಷ್ಟಿರಬೇಕು?

ಬೆಳೆದ ನಾಯಿಗೆ ಕನಿಷ್ಠ 18% ಪ್ರೋಟೀನ್, 5.5% ಕೊಬ್ಬು ಬೇಕು. ಮರಿಗಳಿಗೆ, ಗಬ್ಬವಾದ ಮತ್ತು ಹಾಲೂಡಿಸುವ ನಾಯಿಗಳಿಗೆ 22.5% ಮತ್ತು 8.5%. ಇವು ಪ್ರಾಣಿಗಳ ಆಹಾರಕ್ಕೆ ಮಾನದಂಡ ಹಾಕುವ ಅಮೆರಿಕದ ಆಫ್ಕೊ (AAFCO) ಸಂಸ್ಥೆ ಹೇಳುವ ಲೆಕ್ಕ. ಕನಿಷ್ಠ ಅಂದರೆ ಕನಿಷ್ಠ ಅಷ್ಟೇ, ಪ್ರೋಟೀನ್ ಇನ್ನೂ ಜಾಸ್ತಿ ಇದ್ದರೆ ತಪ್ಪಿಲ್ಲ.

ಆದರೆ ಹೆಚ್ಚಿನವರು ಎಡವುವುದು ಇಲ್ಲಿ: ಈ ಲೆಕ್ಕ ನೀರಿನಂಶ ಕಳೆದ ಮೇಲಿನದು. ಡಬ್ಬಿಯ ಮೇಲೆ '8% ಪ್ರೋಟೀನ್' ಅಂತ ನೋಡಿ ಮೂಗು ಮುರಿಯಬೇಡಿ. ಅದರಲ್ಲಿ 78% ನೀರೇ ಇದ್ದರೆ ಉಳಿದದ್ದು 22%. 8ನ್ನು 22ರಿಂದ ಭಾಗಿಸಿ, 100ರಿಂದ ಗುಣಿಸಿ. ಸುಮಾರು 36% ಬಂತು, ಅಲ್ವಾ? 10% ನೀರಿರುವ ಒಣ ಆಹಾರದ ಚೀಲದಲ್ಲಿ 24% ಅಂತ ಬರೆದಿದ್ದರೆ, ಅದು ಬರೀ 27%ರ ಆಸುಪಾಸು.

ನಮ್ಮ ಮನೆಗಳ ಅನ್ನ-ಮೊಸರಿನ ಕಥೆ ಬೇರೆ. ಅಕ್ಕಿಯಲ್ಲಿ ಪ್ರೋಟೀನ್ 7-8% ಮಾತ್ರ. ಮೊಸರು ಸ್ವಲ್ಪ ಸೇರಿಸುತ್ತದೆ, ಆದರೂ ಸಾಲದು. ಮೊಟ್ಟೆ, ಕೋಳಿ, ಮೀನಿನಂಥದ್ದು ಏನಾದರೂ ಸೇರಿಸಬೇಕು. ಅದಕ್ಕೂ ಕ್ಯಾಲ್ಸಿಯಂ, ವಿಟಮಿನ್ ಎಲ್ಲ ಸರಿಹೋಗುವಂತೆ ಪಶುವೈದ್ಯರಿಂದಲೇ ಅಳತೆ ಬರೆಸಿಕೊಳ್ಳಿ.

ಪ್ರೋಟೀನ್ ಜಾಸ್ತಿಯಾದರೆ ಕಿಡ್ನಿ ಹಾಳಾಗುತ್ತದೆ ಅನ್ನುವುದು ಆರೋಗ್ಯವಾಗಿರುವ ನಾಯಿಯ ಮಟ್ಟಿಗೆ ಸುಮ್ನೆ ಭಯ. ನನ್ನ ಪ್ರಕಾರ ಹುಷಾರಾಗಿರಬೇಕಾದದ್ದು ಕೊಬ್ಬಿನ ವಿಷಯದಲ್ಲಿ. ಅದರ ಕ್ಯಾಲೊರಿ ಪ್ರೋಟೀನಿನ ಎರಡು ಪಟ್ಟಿಗೂ ಹೆಚ್ಚು. ಮನೆಯಲ್ಲೇ ಮಲಗಿರುವ ಲ್ಯಾಬ್ರಡಾರ್ ಬೇಗ ಊದಿಕೊಳ್ಳುತ್ತದೆ. ಹಬ್ಬದ ದಿನ ಎಣ್ಣೆ ತೇಲುವ ಮಾಂಸದ ಚೂರುಗಳನ್ನು ಒಮ್ಮೆಲೇ ತಿನ್ನಿಸಿದರೆ ಮೇದೋಜೀರಕ ಗ್ರಂಥಿ ಊದಿ, ವಾಂತಿ, ಹೊಟ್ಟೆನೋವು ಶುರುವಾಗಬಹುದು. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.