ಕಪ್ಪು-ಬಿಳಿ ಜೋಡಿಗಳನ್ನು ಸಿನಿಮಾದೊಳಗೆ ತುರುಕುತ್ತಿದ್ದಾರೆಯೇ?

ನೀವು ಕೇಳಿದ್ದು ಇಷ್ಟು: ಈಗ ಬರುವ ಇಂಗ್ಲಿಷ್ ಸಿನಿಮಾಗಳಲ್ಲಿ ಎಲ್ಲಿ ನೋಡಿದರೂ ಕಪ್ಪು-ಬಿಳಿ ಜೋಡಿಗಳೇ, ಇದನ್ನು ಬೇಕಂತಲೇ ತುರುಕುತ್ತಿದ್ದಾರೆ ಅನ್ನಿಸುವುದಿಲ್ಲವೇ? ನಿಮಗೆ ನಿಜ ಅನ್ನಿಸಿದ ಸಿನಿಮಾ ಯಾವುದಾದರೂ ಇದೆಯೇ?

ಎರಡನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಇದೆ. 2016ರ 'ಲವಿಂಗ್'. ಜೆಫ್ ನಿಕೋಲ್ಸ್ ನಿರ್ದೇಶಿಸಿದ್ದು. ನಿಮ್ಮ ಮೊದಲ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಕೂಡ ಅದನ್ನು ನೋಡುತ್ತ ಕುಳಿತಾಗಲೇ.

ನಾನು ಕಲಬುರಗಿಯವಳು, ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ತಮ್ಮ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಮೂರು ವರ್ಷದ ಹಿಂದೆ ದೀಪಾವಳಿಗೆ ಬಂದವನು, ಊಟ ಆದ ಮೇಲೂ ಕೈ ತೊಳೆಯಲು ಏಳದೆ ತಾಟಿನ ಮುಂದೆಯೇ ಕುಳಿತು, ಒಬ್ಬ ಹುಡುಗಿಯನ್ನು ಇಷ್ಟಪಟ್ಟಿದ್ದೇನೆ ಅಂದ. ಯಾವ ಊರು ಅಂತ ಅವ್ವ ಕೇಳಿದಳು. ಕೀನ್ಯಾ ದೇಶದವಳು, ಬೆಂಗಳೂರಿಗೆ ಫಾರ್ಮಸಿ ಓದಲು ಬಂದಿದ್ದಾಳೆ ಅಂದ. ಮೊಬೈಲಿನಲ್ಲಿ ಫೋಟೊ ತೋರಿಸಿದ. ಅವ್ವ ಬಹಳ ಹೊತ್ತು ನೋಡಿ ಮೊಬೈಲನ್ನು ಮೆಲ್ಲಗೆ ಚಾಪೆಯ ಮೇಲಿಟ್ಟಳು. ಅವತ್ತು ಮನೆಯಲ್ಲಿ ಮತ್ತೆ ಯಾರೂ ಮಾತಾಡಲಿಲ್ಲ.

ಮರುದಿನ ಕಾಕಾ ಬಂದರು. "ನಮ್ಮೋರಾಗ ಹುಡುಗೇರ ಬರಗಾಲ ಬಿದ್ದದೇನು?" ಅಂತ ಕೇಳಿದರು. ಬೇರೆ ಜಾತಿಯ ಹುಡುಗಿಯಾಗಿದ್ದರೂ ಹೀಗೇ ಕೇಳುತ್ತಿದ್ದರೋ ಏನೋ. ಆದರೆ ಅವರು ಆಮೇಲೆ ಆಡಿದ ಮಾತು ಜಾತಿಯದ್ದಾಗಿರಲಿಲ್ಲ, ಬಣ್ಣದ್ದಾಗಿತ್ತು. ಅದನ್ನು ಇಲ್ಲಿ ಬರೆಯಲಾರೆ.

ಆ ಚಳಿಗಾಲದಲ್ಲಿ ಒಂದು ಭಾನುವಾರ ನಾನು 'ಲವಿಂಗ್' ಹಚ್ಚಿ ಕುಳಿತೆ. ಅವ್ವ ಪಕ್ಕದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಅವ್ವನಿಗೆ ಇಂಗ್ಲಿಷ್ ಬಾರದು, ನಾನು ನಡುನಡುವೆ ಕನ್ನಡದಲ್ಲಿ ಹೇಳುತ್ತ ಹೋದೆ. ಅಮೆರಿಕದ ವರ್ಜೀನಿಯಾ ರಾಜ್ಯದ ಒಂದು ಹಳ್ಳಿ. ರಿಚರ್ಡ್ ಲವಿಂಗ್ ಇಟ್ಟಿಗೆ ಕಟ್ಟುವ ಗೌಂಡಿ, ಬಿಳಿಯ. ಮಿಲ್ಡ್ರೆಡ್ ಕಪ್ಪು ಹೆಣ್ಣುಮಗಳು. ತಮ್ಮ ರಾಜ್ಯದಲ್ಲಿ ಇಂಥ ಮದುವೆ ಅಪರಾಧವಾದ್ದರಿಂದ 1958ರಲ್ಲಿ ವಾಷಿಂಗ್ಟನ್‌ಗೆ ಹೋಗಿ ಮದುವೆಯಾಗಿ ಬರುತ್ತಾರೆ. ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಮಲಗುವ ಕೋಣೆಯ ಗೋಡೆಗೆ ತೂಗುಹಾಕುತ್ತಾರೆ. ಕೆಲವೇ ವಾರಗಳಲ್ಲಿ ನಡುರಾತ್ರಿ ಪೊಲೀಸರು ಒಳಗೆ ನುಗ್ಗಿ, ಮಲಗಿದ್ದ ಗಂಡಹೆಂಡಿರ ಮುಖಕ್ಕೆ ಬ್ಯಾಟರಿ ಬಿಡುತ್ತಾರೆ. ಆಕೆ ಬಸುರಿ.

"ಗೋಡಿಗಿ ಕಾಗದ ಹಾಕ್ಯಾರಲ್ಲ, ಅದು ಕಾಣಂಗಿಲ್ಲೇನು ಅವರಿಗಿ?" ಅಂದಳು ಅವ್ವ.

"ಆ ಕಾಗದ ಇಲ್ಲಿ ನಡೆಯಂಗಿಲ್ಲ ಅಂತಾರವ್ವ."

"ಯಾಕ? ಜಾತಿ ಬ್ಯಾರೇನು?"

"ಜಾತಿ ಅಲ್ಲವ್ವ, ಜನಾಂಗ ಬ್ಯಾರೆ."

"ಎರಡಕ್ಕೂ ಏನು ಫರಕ್ ಅದ?"

ಹದಿನಾಲ್ಕು ವರ್ಷದಿಂದ ಕನ್ನಡ ಕಲಿಸುತ್ತಿದ್ದೇನೆ, ಆ ಕ್ಷಣಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಒಂದರಲ್ಲಿ ಮೈಬಣ್ಣ ನೋಡಿ ಗುರುತಿಸುತ್ತಾರೆ, ಇನ್ನೊಂದರಲ್ಲಿ ಅಡ್ಡಹೆಸರು ಕೇಳಿ ಗುರುತಿಸುತ್ತಾರೆ. ಯಾರ ಮನೆಗೆ ಯಾರು ಸೊಸೆಯಾಗಿ ಬರಬಹುದು ಅಂತ ನಿರ್ಧರಿಸುವ ಹೊತ್ತಿಗೆ ಎರಡೂ ಒಂದೇ ಕೆಲಸ ಮಾಡುತ್ತವೆ.

ಆ ದಂಪತಿಗೆ ಒಂದು ವರ್ಷದ ಸೆರೆವಾಸದ ಶಿಕ್ಷೆಯಾಯಿತು. ಅದನ್ನು ಅಮಾನತಿನಲ್ಲಿಡಲು ಒಂದು ಷರತ್ತು: 25 ವರ್ಷ ಇಬ್ಬರೂ ಒಟ್ಟಿಗೆ ವರ್ಜೀನಿಯಾಕ್ಕೆ ಕಾಲಿಡಬಾರದು. 1965ರಲ್ಲಿ ಅದೇ ನ್ಯಾಯಾಧೀಶರು ತಮ್ಮ ಆದೇಶವನ್ನು ಸಮರ್ಥಿಸಿಕೊಳ್ಳುತ್ತ, ದೇವರು ಬಿಳಿ, ಕಪ್ಪು, ಹಳದಿ, ಕೆಂಪು ಜನಾಂಗಗಳನ್ನು ಸೃಷ್ಟಿಸಿ ಬೇರೆ ಬೇರೆ ಖಂಡಗಳಲ್ಲಿಟ್ಟ, ಅವು ಬೆರೆಯಬಾರದೆಂಬುದೇ ಅವನ ಇಚ್ಛೆ ಎಂಬ ಅರ್ಥದಲ್ಲಿ ಬರೆದರು. ಇದನ್ನು ಅವ್ವನಿಗೆ ಹೇಳಿದೆ. ಆಕೆ ಬೇಳೆಯಲ್ಲಿ ಕೈಯಾಡಿಸುತ್ತಲೇ, "ದೇವ್ರು ಅಲ್ಲಿ ಇಟ್ಟಿದ್ನಂದ್ರ, ಹಡಗಿನ್ಯಾಗ ಹಾಕ್ಕೊಂಡು ಇಲ್ಲಿಗಿ ತಂದೋರು ಯಾರು ಕೇಳು" ಅಂದಳು. ಗುಲಾಮರ ಹಡಗುಗಳ ಬಗ್ಗೆ ಆಕೆಗೆ ಯಾರು ಯಾವಾಗ ಹೇಳಿದ್ದರೋ ತಿಳಿಯದು.

ಈ ಸಿನಿಮಾ ನಿಜ ಅನ್ನಿಸುವುದು ಎಲ್ಲಿ ಗೊತ್ತೇ? ಇಬ್ಬರೂ ಭಾಷಣ ಮಾಡುವುದಿಲ್ಲ. ರಿಚರ್ಡ್ ಪಾತ್ರ ಮಾಡಿದ ಜೋಯಲ್ ಎಡ್ಗರ್ಟನ್ ಹೆಚ್ಚಿನ ಹೊತ್ತು ತಲೆ ತಗ್ಗಿಸಿ ಇಟ್ಟಿಗೆ ಇಡುತ್ತಿರುತ್ತಾನೆ. ಮಿಲ್ಡ್ರೆಡ್ ಆದ ರೂತ್ ನೆಗಾಗೆ ಹಳ್ಳಿಯ ಹೊಲ ಬಿಟ್ಟು ಪಟ್ಟಣದ ಇಕ್ಕಟ್ಟಿನಲ್ಲಿರುವುದೇ ದೊಡ್ಡ ಸಂಕಟ. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋದಾಗಲೂ ಗಂಡಹೆಂಡತಿ ಹೋಗಲಿಲ್ಲ. ನಾನು ನನ್ನ ಹೆಂಡತಿಯನ್ನು ಪ್ರೀತಿಸುತ್ತೇನೆ ಅಂತ ಕೋರ್ಟಿಗೆ ಹೇಳಿ, ಎಂದಷ್ಟೇ ರಿಚರ್ಡ್ ವಕೀಲರಿಗೆ ಹೇಳಿ ಕಳಿಸಿದ. ಇದು ನಿಜವಾಗಿ ನಡೆದದ್ದು. 1967ರ ಜೂನ್ 12ರಂದು ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಇಂಥ ಕಾನೂನುಗಳನ್ನು ರದ್ದು ಮಾಡಿದರು. ಆ ದಿನದವರೆಗೂ 16 ರಾಜ್ಯಗಳಲ್ಲಿ ಅವು ಉಳಿದಿದ್ದವು.

ಒಂದು ದೃಶ್ಯವಿದೆ. ಪತ್ರಿಕೆಯ ಛಾಯಾಗ್ರಾಹಕನೊಬ್ಬ ಅವರ ಮನೆಗೆ ಬಂದಿದ್ದಾನೆ. ದಂಪತಿ ಸೋಫಾದಲ್ಲಿ ಟಿವಿ ನೋಡುತ್ತಿದ್ದಾರೆ. ರಿಚರ್ಡ್ ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟು ಅಡ್ಡಾಗಿದ್ದಾನೆ. ಏನನ್ನೋ ನೋಡಿ ಇಬ್ಬರೂ ನಗುತ್ತಾರೆ, ಆತ ಮೆಲ್ಲಗೆ ಚಿತ್ರ ತೆಗೆಯುತ್ತಾನೆ. 1965ರಲ್ಲಿ 'ಲೈಫ್' ಪತ್ರಿಕೆಗಾಗಿ ಗ್ರೇ ವಿಲೆಟ್ ತೆಗೆದ ನಿಜವಾದ ಫೋಟೊವನ್ನೇ ನಿರ್ದೇಶಕರು ಹಾಗೆ ಮರಳಿ ಕಟ್ಟಿದ್ದಾರೆ. ಅವ್ವ ಅಲ್ಲಿ ಮೊರ ಕೆಳಗಿಟ್ಟಳು. "ನಿಮ್ಮಪ್ಪನೂ ಹಿಂಗೇ ಮಲಗತಿದ್ದ" ಅಂದಳು. ಅಪ್ಪ ತೀರಿ ಎಂಟು ವರ್ಷವಾಗಿತ್ತು. ಒಂದು ವಾರದ ಮೇಲೆ ತಮ್ಮನಿಗೆ ತಾನೇ ಫೋನ್ ಮಾಡಿ, "ಆ ಹುಡುಗಿಗಿ ಖಾರ ನಡೀತದೇನು?" ಅಂತ ಕೇಳಿದಳು.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. 'ತುರುಕುವುದು' ಅನ್ನುವ ಮಾತೇ ನನಗೆ ಒಪ್ಪಿಗೆಯಿಲ್ಲ, ಯಾಕಂದರೆ ಇಂಥ ಜೋಡಿಗಳನ್ನು ಒಂದು ಕಾಲದಲ್ಲಿ ಬೇಕಂತಲೇ ಹೊರಗಿಟ್ಟಿದ್ದರು. ಹಾಲಿವುಡ್ ತನಗೆ ತಾನೇ ಹಾಕಿಕೊಂಡ, ಹೇಸ್ ಸಂಹಿತೆ ಎಂದು ಹೆಸರಾದ ನಿಯಮಾವಳಿ 1934ರಿಂದ ಕಟ್ಟುನಿಟ್ಟಾಗಿ ಜಾರಿಗೆ ಬಂತು. ಕಪ್ಪು-ಬಿಳಿಯರ ನಡುವಿನ ಪ್ರೇಮ, ದಾಂಪತ್ಯ ತೋರಿಸಬಾರದು ಎಂದು ಅದರಲ್ಲಿ ಬರೆದೇ ಇತ್ತು. 1956ರಲ್ಲಿ ಆ ಮಾತು ತೆಗೆದರು. ಎರಡು ದಶಕಕ್ಕೂ ಮೇಲ್ಪಟ್ಟು ಒಂದು ದೇಶದ ಬೆಳ್ಳಿತೆರೆಯಿಂದ ಒಂದು ಬಗೆಯ ಸಂಸಾರವನ್ನೇ ಅಳಿಸಿಹಾಕಿದ್ದರು. 1937ರಲ್ಲಿ ಚೀನಾದ ರೈತ ಕುಟುಂಬದ ಕಥೆಯ 'ದಿ ಗುಡ್ ಅರ್ಥ್' ತೆಗೆದಾಗ ನಾಯಕನ ಪಾತ್ರ ಬಿಳಿಯ ನಟನಿಗೆ ಹೋಯಿತು. ನಿಯಮದಲ್ಲಿ ಕಪ್ಪು-ಬಿಳಿಯರ ಮಾತಷ್ಟೇ ಇದ್ದರೂ, ಅವನ ಹೆಂಡತಿಯಾಗಿ ಚೀನೀ ಮೂಲದ ನಟಿ ಅನ್ನಾ ಮೇ ವಾಂಗ್‌ಳನ್ನು ಹಾಕಲಿಲ್ಲ. ಬಿಳಿಯ ನಟಿ ಲೂಯಿಸ್ ರೈನರ್‌ಗೆ ಬಣ್ಣ ಬಳಿದು ನಿಲ್ಲಿಸಿದರು, ಆಕೆಗೇ ಆಸ್ಕರ್ ಬಂತು. ಇದನ್ನು ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಅಷ್ಟು ವರ್ಷ ಮುಚ್ಚಿದ್ದ ಬಾಗಿಲು ತೆರೆದಾಗ ಮಂದಿ ಹೆಚ್ಚು ಬಂದಂತೆ ಕಾಣುವುದು ಸಹಜ.

1967ರ ಡಿಸೆಂಬರಿನಲ್ಲಿ 'ಗೆಸ್ ಹೂಸ್ ಕಮಿಂಗ್ ಟು ಡಿನ್ನರ್' ಬಂತು. ಅದರಲ್ಲಿ ಸಿಡ್ನಿ ಪಾಟಿಯೆ ಮಾಡಿದ ಕಪ್ಪು ನಾಯಕ ಹೆಸರಾಂತ ವೈದ್ಯ, ಒಂದು ಕುಂದಿಲ್ಲ. ಬಿಳಿಯರ ಮನೆಯ ಅಳಿಯನಾಗಲು ಅವನು ಅಷ್ಟು ದೊಡ್ಡವನಾಗಬೇಕಿತ್ತು. 'ಲವಿಂಗ್'ನ ಗೌಂಡಿಯ ಸಂಸಾರ ಸಿನಿಮಾ ಮಂದಿರದ ತೆರೆಗೆ ಬರಲು ಮತ್ತೆ ಸುಮಾರು ಐವತ್ತು ವರ್ಷ ಹಿಡಿಯಿತು. ನನಗೆ ಮುಖ್ಯ ಅನ್ನಿಸುವ ಬದಲಾವಣೆ ಇದು.

ಆದರೆ ನಿಮ್ಮ ಬೇಸರದಲ್ಲಿ ಒಂದು ನಿಜವೂ ಇದೆ. ಕೆಲವು ಸಿನಿಮಾಗಳಲ್ಲಿ ಇಂಥ ಜೋಡಿ ಅಂಗಡಿ ಮುಂದಿನ ಗೊಂಬೆಗಳ ಹಾಗೆ ನಿಂತಿರುತ್ತದೆ. ಅವರಿಗೆ ಅತ್ತೆಯಿಲ್ಲ, ಕಾಕಾ ಇಲ್ಲ, ಅಡುಗೆಮನೆಯಿಲ್ಲ, ಮಗುವಿಗೆ ಯಾವ ಹೆಸರಿಡಬೇಕು ಅನ್ನುವ ಜಗಳವಿಲ್ಲ. ಮನೆ ಇಲ್ಲದ ಪ್ರೀತಿ ನಮಗೆ ನಂಬಿಕೆಯಾಗುವುದಿಲ್ಲ. 2017ರ 'ದಿ ಬಿಗ್ ಸಿಕ್' ನಂಬಿಕೆಯಾಗುತ್ತದೆ, ಯಾಕಂದರೆ ಪಾಕಿಸ್ತಾನಿ ಮೂಲದ ಆ ಹುಡುಗನ ತಾಯಿ ಪ್ರತಿ ಸಲ ಊಟಕ್ಕೆ ಕರೆದಾಗಲೂ 'ಹಾಗೇ ಬಂದಳು' ಅಂತ ಯಾವುದೋ ಹುಡುಗಿ ಬಾಗಿಲು ತಟ್ಟುತ್ತಾಳೆ. ಆ ಹುಡುಗಿಯರ ಫೋಟೊಗಳನ್ನು ಅವನು ಡಬ್ಬಿಯೊಂದರಲ್ಲಿ ಕೂಡಿಡುತ್ತಾನೆ, ಪ್ರೀತಿಸಿದ ಬಿಳಿಯ ಹುಡುಗಿಗೆ ಅದು ಸಿಕ್ಕಿ ಮನಸ್ಸು ಮುರಿಯುತ್ತದೆ. ನಮ್ಮ ಮನೆಗಳಲ್ಲಿ ವಾಟ್ಸಾಪಿಗೆ ಬಯೋಡೇಟಾ ಬರುತ್ತವೆ, ವ್ಯತ್ಯಾಸ ಅಷ್ಟೇ.

ಕಾಕಾನ ವಿಷಯಕ್ಕಾದರೆ 'ಎ ಯುನೈಟೆಡ್ ಕಿಂಗ್‌ಡಮ್' ನೋಡಿ. ಅದೂ 2016ರದ್ದೇ, ನಿರ್ದೇಶಕಿ ಅಮ್ಮಾ ಅಸಾಂತೆ. ಇಂದಿನ ಬೋಟ್ಸ್ವಾನಾದ ಅರಸು ಮನೆತನದ ಸೆರೆಟ್ಸೆ ಖಾಮಾ 1948ರಲ್ಲಿ ಲಂಡನ್ನಿನ ಬಿಳಿಯ ಹುಡುಗಿ ರೂತ್ ವಿಲಿಯಮ್ಸ್‌ಳನ್ನು ಮದುವೆಯಾದ. ನೆರೆಯ ದಕ್ಷಿಣ ಆಫ್ರಿಕದಲ್ಲಿ ಆಗಷ್ಟೇ ವರ್ಣಭೇದದ ಸರ್ಕಾರ ಬಂದಿತ್ತು. ಅದನ್ನು ಎದುರು ಹಾಕಿಕೊಳ್ಳಲು ಇಷ್ಟವಿಲ್ಲದೆ, ಸೆರೆಟ್ಸೆಯ ನಾಡನ್ನು ಆಗ ಆಳುತ್ತಿದ್ದ ಬ್ರಿಟಿಷರು ಅವನನ್ನು ಹೊರಗಟ್ಟಿ 1956ರವರೆಗೆ ಮರಳಿ ನೆಲೆಸಲು ಬಿಡಲಿಲ್ಲ. ಆದರೆ ಮೊದಲು ಬೇಡ ಅಂದದ್ದು ಅವನನ್ನು ಸಾಕಿ ಬೆಳೆಸಿದ ಸ್ವಂತ ಕಾಕಾ ಶೆಕೆಡಿ. ಆ ಮನೆಯ ಹೆಂಗಸರು ರೂತ್‌ಳನ್ನು ಎದುರುಗೊಳ್ಳುವ ಭಾಗದಲ್ಲಿ ಯಾರೂ ಕೆಟ್ಟವರಲ್ಲ, ಎಲ್ಲರಿಗೂ ಭಯ. ಅದನ್ನು ನೋಡಿದ ಮೇಲೆ ನನ್ನ ಕಾಕಾನ ಮೇಲಿದ್ದ ಸಿಟ್ಟು ಒಂದಿಷ್ಟು ಇಳಿಯಿತು. ಸೆರೆಟ್ಸೆ 1966ರಲ್ಲಿ ಸ್ವತಂತ್ರ ಬೋಟ್ಸ್ವಾನಾದ ಮೊದಲ ಅಧ್ಯಕ್ಷನಾದ.

ನಮ್ಮ ಸಿನಿಮಾಗಳು? ಇಲ್ಲಿ ನನ್ನ ನೋವು ಜಾಸ್ತಿ. 2001ರ 'ಲಗಾನ್', 2010ರ ತಮಿಳಿನ 'ಮದರಾಸಪಟ್ಟಿನಂ', 2022ರ 'ಆರ್‌ಆರ್‌ಆರ್', ಅದೇ ವರ್ಷದ 'ಪ್ರಿನ್ಸ್': ಎಲ್ಲದರಲ್ಲೂ ಪರದೇಶದ ಹುಡುಗಿ ಅಂದರೆ ಬ್ರಿಟಿಷ್ ಬಿಳಿಯ ಹುಡುಗಿ. ಆಳಿದವರ ಮಗಳು ನಮ್ಮ ಹುಡುಗನನ್ನು ಮೆಚ್ಚಿದಳು ಅಂದಾಗ ನಮಗೆ ಹಿಗ್ಗು. ಕಪ್ಪು ಹುಡುಗಿಯನ್ನು ಪ್ರೀತಿಸಿ ಊರಿಗೆ ಕರೆತರುವ ನಾಯಕನನ್ನು ನಾನಂತೂ ನಮ್ಮ ತೆರೆಯ ಮೇಲೆ ಕಂಡಿಲ್ಲ. 2018ರ ಮಲಯಾಳಂನ 'ಸುಡಾನಿ ಫ್ರಮ್ ನೈಜೀರಿಯಾ' ಒಬ್ಬ ಆಫ್ರಿಕದ ಫುಟ್‌ಬಾಲ್ ಆಟಗಾರನಿಗೆ ಮಲಪ್ಪುರಂನ ಮನೆಯಲ್ಲಿ ಮಂಚ, ಗಂಜಿ, ಇಬ್ಬರು ಅಮ್ಮಂದಿರ ಪ್ರೀತಿ ಕೊಟ್ಟಿತು. ಅದು ಸ್ನೇಹದ ಕಥೆ. ಪ್ರೀತಿಯ ಕಥೆಗೆ ಹಿಂದಕ್ಕೆ, 1991ರ ಮೀರಾ ನಾಯರ್ ಅವರ 'ಮಿಸಿಸಿಪ್ಪಿ ಮಸಾಲಾ'ಕ್ಕೇ ಹೋಗಬೇಕು. 1972ರಲ್ಲಿ ಇದಿ ಅಮೀನ್ ಉಗಾಂಡಾದಿಂದ ಓಡಿಸಿದ ಭಾರತೀಯ ಕುಟುಂಬದ ಮಗಳು ಅಮೆರಿಕದಲ್ಲಿ ಕಪ್ಪು ಹುಡುಗನನ್ನು ಮೆಚ್ಚುತ್ತಾಳೆ. ಬಣ್ಣದ ಕಾರಣಕ್ಕೆ ಮನೆ ಕಳೆದುಕೊಂಡ ತಂದೆಯೇ ಬಣ್ಣ ನೋಡಿ ಬೇಡ ಅನ್ನುತ್ತಾನೆ.

ಕಪ್ಪು ಜನ ನಮ್ಮ ಸೀಮೆಗೆ ಹೊಸಬರಲ್ಲ. ಬೀದರಿನ ಪಕ್ಕದಲ್ಲೇ ಹಬ್ಶಿ ಕೋಟ್ ಎಂಬ ಗುಡ್ಡವಿದೆ, ಬಹಮನಿಗಳ ಕಾಲದಲ್ಲಿ ಇಲ್ಲಿ ಅಧಿಕಾರ ನಡೆಸಿದ ಅಬಿಸೀನಿಯಾದ, ಅಂದರೆ ಇಂದಿನ ಇಥಿಯೋಪಿಯಾ ಕಡೆಯ, ಸರದಾರರ ಗೋರಿಗಳು ಅಲ್ಲಿವೆ. ಅದೇ ಜಿಲ್ಲೆಯ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಸಮಗಾರ ಹರಳಯ್ಯನವರ ಮಗನಿಗೆ ಬ್ರಾಹ್ಮಣ ಮಧುವರಸರ ಮಗಳನ್ನು ಕೊಟ್ಟು ಮದುವೆ ಮಾಡಿದ್ದಕ್ಕೆ ಇಬ್ಬರು ತಂದೆಯರಿಗೂ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆ ಶಿಕ್ಷೆಯಾಯಿತು. ಆ ಕಥೆಯನ್ನು ನನಗೆ ಚಿಕ್ಕಂದಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದ್ದು ಇದೇ ಕಾಕಾ. ಹೇಳುವಾಗ ಅವರ ಕಣ್ಣು ತುಂಬಿದ್ದವು. ಅದು ನಟನೆಯಲ್ಲ, ನನಗೆ ಗೊತ್ತು. ಅದಕ್ಕೇ ಅವರ ಮಾತು ನನಗೆ ಅಷ್ಟು ನಾಟಿದ್ದು.

ಮುಂದಿನ ಬೇಸಿಗೆಗೆ ಹುಡುಗಿ ನಮ್ಮ ಮನೆಗೆ ಬಂದಳು. ಸೂಪರ್ ಮಾರ್ಕೆಟ್ ಕಡೆ ಹೋದಾಗ ಹುಡುಗರು ಕೇಳದೇ ವಿಡಿಯೊ ಮಾಡಿದರು, ಆಕೆ ನನ್ನ ಕೈ ಹಿಡಿದು ಬೇಗ ಬೇಗ ನಡೆದಳು. ಆ ಕೈಯ ಬಿಗಿ ಇನ್ನೂ ನೆನಪಿದೆ. ಶರಣಬಸವೇಶ್ವರ ಗುಡಿಯಲ್ಲಿ ಒಬ್ಬ ಆಯಿ ಹತ್ತಿರ ಬಂದು ಆಕೆಯ ಸಣ್ಣ ಸಣ್ಣ ಜಡೆಗಳನ್ನು ಮುಟ್ಟಿ, "ಎಷ್ಟ್ ತಾಸು ಹಿಡೀತಾವ ತಂಗಿ ಹೆಣಿಲಾಕ?" ಅಂತ ಕೇಳಿದರು. ನಾನು ತಿಳಿಸಿ ಹೇಳಿದೆ. ಆರು ತಾಸು ಅಂದಳು. ಆಯಿ ಅಲ್ಲೇ ಕಟ್ಟೆಯ ಮೇಲೆ ಪಕ್ಕಕ್ಕೆ ಕೂಡಿಸಿಕೊಂಡು ಒಂದೊಂದೇ ಜಡೆ ಎಣಿಸತೊಡಗಿದರು.

ಮನೆಯಲ್ಲಿ ಅವ್ವ ರೊಟ್ಟಿ ಬಡಿಯುವಾಗ ಆಕೆ ಹಿಟ್ಟು ಮುಟ್ಟಿ ನೋಡಿ 'ಮ್ತಾಮಾ' ಅಂದಳು. ಸ್ವಾಹಿಲಿಯಲ್ಲಿ ಜೋಳಕ್ಕೆ ಹಾಗೆ ಅನ್ನುತ್ತಾರೆ. ಅವರೂರು ಕಿಸುಮು ಕಡೆ, ಅಲ್ಲಿ ಜೋಳ ಬೆಳೆಯುತ್ತಾರೆ, ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಮುದ್ದೆ ತಿರುವುತ್ತಾರೆ. ಜೋಳ ಮನುಷ್ಯರ ಕೈಗೆ ಮೊದಲು ಪಳಗಿದ್ದೇ ಆಫ್ರಿಕದಲ್ಲಿ, ಸುಡಾನಿನ ಕಡೆ, ಅಂತ ನಾನು ಅವ್ವನಿಗೆ ಹೇಳಿದೆ. "ಹಂಗಾದ್ರ ಈಕಿ ಕಡಿಂದೇ ಬಂದದೇನು ನಮ್ಮ ರೊಟ್ಟಿ" ಅಂದು ಅವ್ವ ಪಕ್ಕಕ್ಕೆ ಸರಿದು ಹಿಟ್ಟು ನಾದುವ ಕೊಣಮಿಗೆಯ ಮುಂದೆ ಜಾಗ ಮಾಡಿಕೊಟ್ಟಳು. ಹುಡುಗಿ ಬಡಿದ ಮೊದಲ ರೊಟ್ಟಿ ಅಂಚಿನಲ್ಲಿ ಹರಿಯಿತು, ಎರಡನೆಯದೂ ಹರಿಯಿತು. ಅವ್ವ ಎರಡನ್ನೂ ತಾನೇ ತಿಂದಳು.

ಮದುವೆ ವಿಶೇಷ ವಿವಾಹ ಕಾಯ್ದೆಯಲ್ಲಿ ಆಯಿತು. 1954ರ ಆ ಕಾಯ್ದೆಯಂತೆ 30 ದಿನ ಮೊದಲು ನೋಟಿಸ್ ಕೊಡಬೇಕು, ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ. ವರನ ಖಾಯಂ ಊರು ಬೇರೆ ಜಿಲ್ಲೆಯಾದರೆ ಅಲ್ಲಿಗೂ ಒಂದು ಪ್ರತಿ ಕಳಿಸುತ್ತಾರೆ. ಕಲಬುರಗಿಯಲ್ಲಿ ಅಂಟಿಸಿದ್ದರ ಫೋಟೊ ಯಾರೋ ತೆಗೆದು ನಮ್ಮ ಬಳಗಕ್ಕೆಲ್ಲ ಹಂಚಿದರು. ಆ ಒಂದು ತಿಂಗಳು ಅವ್ವ ಫೋನ್ ಎತ್ತುವುದನ್ನೇ ಬಿಟ್ಟಿದ್ದಳು. ಗೋಡೆಯ ಮೇಲೆ ಹೆಮ್ಮೆಯಿಂದ ತೂಗುಹಾಕುವ ಕಾಗದವೂ ಉಂಟು, ಊರಿಗೆಲ್ಲ ಹೇಳಿ ತಡೆಯಲೆಂದು ಗೋಡೆಗೆ ಅಂಟಿಸುವ ಕಾಗದವೂ ಉಂಟು ಅಂತ ನನಗೆ ಆಗ ತಿಳಿಯಿತು.

ನೋಡುವುದಾದರೆ 'ಲವಿಂಗ್'ನಿಂದ ಶುರು ಮಾಡಿ. ಒಬ್ಬರೇ ನೋಡಬೇಡಿ, ಮನೆಯ ಹಿರಿಯರನ್ನು ಪಕ್ಕಕ್ಕೆ ಕೂಡಿಸಿಕೊಂಡು, ಮಾತು ಮಾತು ಕನ್ನಡದಲ್ಲಿ ಹೇಳುತ್ತ ನೋಡಿ. ಆಮೇಲೆ 'ಮಿಸಿಸಿಪ್ಪಿ ಮಸಾಲಾ'. ಇವೆರಡಾದ ಮೇಲೆ ನಿಮ್ಮ ಪ್ರಶ್ನೆ ಮತ್ತೆ ಉಳಿದಿದ್ದರೆ ಇಲ್ಲೇ ಕೇಳಿ, ನಾನು ಮತ್ತೆ ಬರೆಯುತ್ತೇನೆ.

ಮದುವೆಯಾದ ಮೇಲೆ ಮನೆಯಲ್ಲಿ ಇಟ್ಟುಕೊಂಡ ಊಟಕ್ಕೆ ಕಾಕಾ ಬರಲಿಲ್ಲ. ಕಾಕಿ ಒಬ್ಬರೇ ಆಟೋದಲ್ಲಿ ಬಂದು, ಹುಡುಗಿಗೆ ಉಡಿ ತುಂಬಿ, ಊಟ ಮಾಡಿಕೊಂಡು ಹೋದರು.